ಒಂದು ರಾತ್ಲಿಗೆ ಎಷ್ಟು ಗ್ರಾಮು?

ನನಗೊಂದು ಕೆಟ್ಟ ಚಾಳಿಯಿದೆ. ಯಾರ ಮನೆಗೆ ಹೋದರೂ ಅವರು ಕುಡಿಯಲು ಕೊಟ್ಟ ಲೋಟದಲ್ಲಿ ಎಷ್ಟು ಹಿಡಿಯುತ್ತದೆ ಎಂದು ಮನಸ್ಸಿನಲ್ಲೇ ಅಳೆದುಬಿಡುತ್ತೇನೆ. ಗಂಗೊಳ್ಳಿಯ ನನ್ನ ತವರಿನ ಸ್ಟೀಲ್ ಲೋಟ ಇನ್ನೂರು ಮಿಲಿ. ಬ್ರಹ್ಮಾವರದ ನಮ್ಮ ಮನೆಯದು ನೂರೆಂಬತ್ತು. ಕುಂದಾಪುರದ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನ ಚಾ ಗ್ಲಾಸು ನೊರೆ ಸೇರಿದರೆ ನೂರು, ನೊರೆ ಇಳಿದ ಮೇಲೆ ಎಂಬತ್ತು. ಒಮ್ಮೆ ನಾನು ನೆಂಟರ ಮನೆಗೆ ಅಳತೆಯ ಪಾತ್ರೆಯನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ ಎಂದು ನನ್ನ ಗಂಡ ಊರೆಲ್ಲ ಹೇಳಿಕೊಂಡು ಬಂದಿದ್ದಾರೆ. ಅದು ಶುದ್ಧ ಸುಳ್ಳು. ಚೀಲದಲ್ಲಿ ಇದ್ದದ್ದು ಮಗುವಿನ ಕೆಮ್ಮಿನ ಔಷಧಿಯ ಮುಚ್ಚಳ ಮಾತ್ರ. ಅದರಲ್ಲಿ ಹತ್ತು ಮಿಲಿ ಹಿಡಿಯುತ್ತದೆ.

ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳಿಗೆ ಇಂಥ ಚಾಳಿ ಅಂಟದೆ ಇನ್ನೇನು ಅಂಟೀತು? "ಒಂದು ಕಪ್ ಸಕ್ಕರೆ" ಎಂದು ಪತ್ರಿಕೆಯಲ್ಲಿ ಓದಿದರೆ ಸಾಕು, ಯಾರ ಮನೆಯ ಕಪ್ಪು ಎಂದು ಕೇಳಬೇಕೆನಿಸುತ್ತದೆ. "ಹದವಾದ ಉರಿ" ಎಂದರೆ ನನಗೆ ಮೈ ಉರಿಯುತ್ತದೆ. ನನ್ನ ಅಡುಗೆಮನೆಯ ಗೋಡೆಗೆ ದೇವರ ಕ್ಯಾಲೆಂಡರಿನ ಪಕ್ಕದಲ್ಲೇ ಒಂದು ಹಾಳೆ ಅಂಟಿಸಿದ್ದೇನೆ. ಒಂದು ಔನ್ಸಿಗೆ ಇಪ್ಪತ್ತೆಂಟು ಪಾಯಿಂಟ್ ಮೂರೈದು ಗ್ರಾಮು. ಒಂದು ಪೌಂಡಿಗೆ ನಾನೂರ ಐವತ್ತಮೂರು ಪಾಯಿಂಟ್ ಆರು. ಈಗಿನ ಕಾಲದಲ್ಲಿ ಮೊಬೈಲಿಗೆ ಕೇಳಿದರೆ ಅದೇ ಹೇಳುತ್ತದೆ ಎನ್ನುತ್ತೀರಿ. ಹೇಳುತ್ತದೆ, ಆದರೆ ನನ್ನ ಗೋಡೆಗೆ ಚಾರ್ಜು ಬೇಡ.

ನಮ್ಮ ಕಡೆಯ ಜನರಿಗೆ ಅಳತೆಗಳ ಮೇಲೆ ಇರುವ ಔದಾರ್ಯವನ್ನು ನಾನು ಬೇರೆಲ್ಲೂ ಕಂಡಿಲ್ಲ. ಯಾವುದನ್ನೂ ಬಿಟ್ಟುಕೊಡುವುದಿಲ್ಲ. ಅಕ್ಕಿಗೆ ಮುಡಿ ಮತ್ತು ಸೇರು, ಜಾಗಕ್ಕೆ ಸೆಂಟ್ಸು, ಚಿನ್ನಕ್ಕೆ ಪವನು, ಮಲ್ಲಿಗೆಗೆ ಚೆಂಡು. ರವಿಕೆಯ ಬಟ್ಟೆಯನ್ನು ಮೀಟರಿನಲ್ಲಿ ಕೊಂಡು ಇಂಚಿನಲ್ಲಿ ಹೊಲಿಸುತ್ತೇವೆ. ಹೊರಗಿನ ಸೆಕೆ ಮೂವತ್ತೈದು ಡಿಗ್ರಿ, ಒಳಗಿನ ಜ್ವರ ನೂರಾ ಎರಡು ಡಿಗ್ರಿ. ಎರಡೂ ಒಂದೇ ಬಾಯಲ್ಲಿ ಬಂದರೂ ಯಾರಿಗೂ ಗೊಂದಲವಿಲ್ಲ. ಬೇಕರಿಯವನು ಇವತ್ತಿಗೂ ಕೇಕನ್ನು ಪೌಂಡಿನ ಲೆಕ್ಕದಲ್ಲೇ ಕೇಳುತ್ತಾನೆ, ಆಮೇಲೆ ಅರ್ಧ ಕಿಲೋ ತೂಗಿ ಕೊಡುತ್ತಾನೆ. ನಲವತ್ತಾರು ಗ್ರಾಮು ಹೆಚ್ಚು ಸಿಕ್ಕಿತಲ್ಲ ಎಂದು ನಾನು ಸುಮ್ಮನಿರುತ್ತೇನೆ.

ಕೇಕಿನ ಮಾತು ಬಂತು ನೋಡಿ, ನನ್ನ ತಲೆ ತಿರುಗಿದ್ದೇ ಅದರಿಂದ. ಸಾವಿರದ ಒಂಬೈನೂರ ತೊಂಬತ್ತೇಳರಲ್ಲಿ ನಾನು ಮದುವೆಯಾಗಿ ಬ್ರಹ್ಮಾವರಕ್ಕೆ ಬಂದಾಗ ಮುಂಬಯಿಯ ನೆಂಟರೊಬ್ಬರು ಒಂದು ದುಂಡನೆಯ ಓವನ್ ಉಡುಗೊರೆ ಕೊಟ್ಟರು. ಜೊತೆಗೆ ಒಂದು ಹಳೆಯ ಅಡುಗೆ ಪುಸ್ತಕ. ಪುಸ್ತಕದವರು ಮೈದಾ ಎಂಟು ಔನ್ಸು, ಶಾಖ ಮುನ್ನೂರೈವತ್ತು ಫ್ಯಾರನ್‌ಹೀಟ್ ಎಂದಿದ್ದರು. ಓವನ್ನಿನ ತಿರುಗಣೆಯಲ್ಲಿ ಇದ್ದದ್ದು ಇನ್ನೂರೈವತ್ತರವರೆಗೆ ಮಾತ್ರ, ಅದೂ ಸೆಲ್ಸಿಯಸ್. ನಾನು ಮೂವತ್ತೆರಡು ಕಳೆದು, ಐದರಿಂದ ಗುಣಿಸಿ, ಒಂಬತ್ತರಿಂದ ಭಾಗಿಸಿ ನೂರೆಪ್ಪತ್ತೇಳಕ್ಕೆ ತಿರುಗಿಸಿದೆ. ಮೈದಾ ಇನ್ನೂರ ಇಪ್ಪತ್ತೇಳು ಗ್ರಾಮು. ಕೇಕು ಉಬ್ಬಿತು. ಅತ್ತೆ, ಮಾವ, ಗಂಡ ಎಲ್ಲರೂ ಒಂದೊಂದು ತುಂಡು ತಿಂದು ಇನ್ನೊಂದಕ್ಕೆ ಕೈ ನೀಡಿದರು. ಅಡುಗೆ ಎಂದರೆ ಇಷ್ಟೇ, ಸರಿಯಾಗಿ ಪರಿವರ್ತನೆ ಮಾಡಲು ಬಂದರೆ ಯಾವ ಅಡುಗೆಯೂ ಬರುತ್ತದೆ ಎಂದು ಅಂದೇ ತೀರ್ಮಾನಿಸಿಬಿಟ್ಟೆ.

ಈ ತೀರ್ಮಾನದ ಬಿಸಿ ಆರುವ ಮೊದಲೇ, ಮದುವೆಯಾದ ಎರಡನೇ ಬೇಸಿಗೆಯಲ್ಲಿ, ಮಸಾಲೆ ಪುಡಿಯ ಜವಾಬ್ದಾರಿ ನನ್ನ ತಲೆಗೆ ಬಂತು.

ನಮ್ಮ ಕಡೆ ಮಸಾಲೆ ಪುಡಿ ಎಂದರೆ ಏನು ಎಂದು ಗೊತ್ತಿಲ್ಲದವರಿಗೆ ಒಂದು ಮಾತು. ಮೀನಿಗೆ, ಕೋಳಿಗೆ, ಪಲ್ಯಕ್ಕೆ ಎಲ್ಲಕ್ಕೂ ಆ ಒಂದೇ ಪುಡಿ. ಬಿಸಿಲು ಗಟ್ಟಿಯಿರುವಾಗ ಕೆಂಪು ಮೆಣಸಿನಕಾಯಿ, ಕೊತ್ತಂಬರಿ ಒಣಗಿಸಿ, ಹುರಿದು, ಮಿಲ್ಲಿಗೆ ಹಾಕಿ, ಡಬ್ಬಿ ತುಂಬಿ ಇಟ್ಟರೆ ಮುಂದಿನ ಬೇಸಿಗೆಯವರೆಗೆ ನಡೆಯಬೇಕು. ಪುಡಿ ಕೆಟ್ಟರೆ ಕೆಡುವುದು ಒಂದು ಹೊತ್ತಿನ ಊಟವಲ್ಲ, ಒಂದು ವರ್ಷ. ನಮ್ಮಲ್ಲಿ ಅದು ಮೂರು ಮನೆಗಳ ವರ್ಷ. ಬ್ರಹ್ಮಾವರದ ನಮ್ಮ ಮನೆ, ಯಡ್ತರೆಯಲ್ಲಿರುವ ಓರಗಿತ್ತಿ ಅಕ್ಕನ ಮನೆ, ಕುಂದಾಪುರದಲ್ಲಿರುವ ನಾದಿನಿಯ ಮನೆ, ಮೂರಕ್ಕೂ ಅತ್ತೆಯ ಕೈಯ ಪುಡಿಯೇ ಹೋಗಬೇಕು. ಅದರ ಬಗ್ಗೆ ಮಾವನಿಗೆ ಇದ್ದ ಹೆಮ್ಮೆ ಅಷ್ಟಿಷ್ಟಲ್ಲ. ತಮ್ಮ ಜಿನಸಿನ ಅಂಗಡಿಯ ಬಗ್ಗೆಯೂ ಅವರು ಅಷ್ಟು ಹೇಳಿಕೊಂಡವರಲ್ಲ. ಇದು ನಮ್ಮ ಮನೆತನದ ರುಚಿ, ನನ್ನ ಅಮ್ಮನ ಕಾಲದಿಂದ ಬಂದದ್ದು, ಬೇರೆಯವರಿಗೆ ಬರುವುದಿಲ್ಲ ಎನ್ನುವರು. ಬೇರೆಯವರು ಎಂದರೆ ಮುಖ್ಯವಾಗಿ ಬಿಜೂರಿನವರು. ಅತ್ತೆಯ ತವರು ಬಿಜೂರು.

ಆ ವರ್ಷ ಅತ್ತೆ ಅಣ್ಣನ ಮಗಳ ಮದುವೆಯ ಕೆಲಸಕ್ಕೆಂದು ಬಿಜೂರಿಗೆ ಹೋದವರು ಮೂರು ವಾರ ಅಲ್ಲೇ ಉಳಿಯಬೇಕಾಯಿತು. ಇಲ್ಲಿ ಹಳೆಯ ಪುಡಿ ತಳ ಕಂಡಿತ್ತು. ಆಗೊಮ್ಮೆ ಈಗೊಮ್ಮೆ ಮೋಡವೂ ಕಟ್ಟತೊಡಗಿತ್ತು. ನಾನೇ ಮಾಡುತ್ತೇನೆ ಎಂದು ಧೈರ್ಯವಾಗಿ ಫೋನು ತಿರುಗಿಸಿದೆ. ಆ ಕಡೆ ಮದುವೆ ಮನೆಯ ಗದ್ದಲ.

"ನಾಕ್ ರಾತ್ಲ್ ಮೆಣ್ಸಿಗೆ ಎರಡ್ ಸೇರ್ ಕೊತ್ತುಂಬ್ರಿ. ಹಾಂಗೇ ಮೂರ್ ಸರ್ತಿ," ಎಂದರು ಅತ್ತೆ. ಜೀರಿಗೆ, ಮೆಂತೆ, ಒಳ್ಳೆಮೆಣಸು ಎಂದರೆ ಕಾಳುಮೆಣಸು, ಎಲ್ಲದರ ಅಳತೆ ಹೇಳಿ, "ಉಪ್ಪಿನ್ಕಾಯಿ ಬರಣಿ ಮೇಲೆ ಕಲ್ಲ್ ಇತ್ತಲೆ, ಮೆಣ್ಸ್ ಅದ್ರಲ್ಲೇ ತೂಕ ಮಾಡ್," ಎಂದರು.

ಆ ಕಲ್ಲನ್ನು ನಾನು ದಿನವೂ ನೋಡುತ್ತಿದ್ದೆ. ಮುಷ್ಟಿಗಿಂತ ಸ್ವಲ್ಪ ಸಣ್ಣದು, ನುಣ್ಣಗೆ, ಕಪ್ಪಗೆ, ಭರಣಿಯ ಮುಚ್ಚಳ ಏಳದಂತೆ ಕೂತಿರುತ್ತಿತ್ತು. ವರ್ಷಕ್ಕೊಮ್ಮೆ ತೊಳೆದು ತಕ್ಕಡಿಯ ಒಂದು ತಟ್ಟೆಗೆ ಇಡುತ್ತಿದ್ದರು.

"ಕಲ್ಲೆಂತಕೆ ಅತ್ತೆ? ರಾತ್ಲ್ ಅಂದ್ರೆ ಒಂದ್ ಪೌಂಡ್. ನಾನ್ ಲೆಕ್ಕ ಹಾಕಿ ಅಂಗ್ಡಿಯಲ್ಲೇ ಗ್ರಾಮಲ್ ತೂಕ ಮಾಡ್ಸಿ ತತ್ತೆ," ಎಂದೆ.

ಅತ್ತೆ ಆ ಕಡೆ ಯಾರಿಗೋ ಬಾಳೆಎಲೆ ತರಲು ಹೇಳಿದರು. ಆಮೇಲೆ, "ಹಾಂ, ಹಾಂಗಾರೆ ನಿಂಗೆ ಕಂಡಂಗೆ ಮಾಡ್," ಎಂದು ಫೋನಿಟ್ಟರು.

ನಿಘಂಟಿನಲ್ಲೂ ನೋಡಿದೆ, ರಾತ್ಲು ಎಂದರೆ ಪೌಂಡೇ. ಹನ್ನೆರಡು ರಾತ್ಲಿಗೆ ಐದು ಸಾವಿರದ ನಾನೂರ ನಲವತ್ತಮೂರು ಪಾಯಿಂಟ್ ಎರಡು ಗ್ರಾಮು. ಆ ಪಾಯಿಂಟ್ ಎರಡನ್ನು ಮಾವನ ಅಂಗಡಿಯ ಹುಡುಗನ ಮುಖ ನೋಡಿ ಬಿಟ್ಟುಕೊಟ್ಟೆ. ಕೊತ್ತಂಬರಿಯನ್ನು ಮನೆಯ ಹಿತ್ತಾಳೆ ಸೇರಿನಲ್ಲೇ ಆರು ಸಲ ಬಾಯಿಮಟ್ಟಕ್ಕೆ ಸವರಿ ಅಳೆದೆ. ಹುರಿದದ್ದು, ಮಿಲ್ಲಿಗೆ ಹೊತ್ತದ್ದು, ಜರಡಿ ಹಿಡಿದದ್ದು ಎಲ್ಲ ಅತ್ತೆ ಮಾಡುವಂತೆಯೇ. ಮೂರು ಪಾಲು ಮಾಡಿ ಎರಡನ್ನು ಬಸ್ಸಿನವರ ಕೈಯಲ್ಲಿ ಕುಂದಾಪುರಕ್ಕೂ ಯಡ್ತರೆಗೂ ಕಳಿಸಿದೆ. ರುಚಿ ನೋಡುವ ಮೊದಲೇ ಕಳಿಸಿದೆ. ಉತ್ತರ ಸರಿಯಿದೆ ಎಂದು ಗೊತ್ತಿರುವ ಲೆಕ್ಕವನ್ನು ಯಾರಾದರೂ ತಾಳೆ ನೋಡುತ್ತಾರೆಯೇ?

ಮರುದಿನ ಮಧ್ಯಾಹ್ನ ಬಂಗುಡೆ ಸಾರು. ಮಾವ ಮೊದಲ ತುತ್ತು ಬಾಯಿಗಿಟ್ಟರು. ಎರಡನೆಯದಕ್ಕೆ ಕೈ ಹಾಕುವ ಮೊದಲು ಬಿಕ್ಕಳಿಕೆ ಶುರುವಾಯಿತು. ಒಂದು ಲೋಟ ನೀರು ಕುಡಿದರು, ನೂರೆಂಬತ್ತು ಮಿಲಿ. ಇನ್ನೊಂದು ಕುಡಿದರು.

"ಎಂತ ಮಾರಾಯ್ತಿ ಇದ್? ಮೀನ್ ಸಾರಾ, ಬೆಂಕಿಯಾ?" ಎಂದರು. ಕಣ್ಣೊರೆಸಿಕೊಂಡು ತೀರ್ಪನ್ನೂ ಕೊಟ್ಟರು. "ಇದ್ ನಮ್ಮನಿ ರುಚಿ ಅಲ್ಲ. ಇದ್ ಗಂಗೊಳ್ಳಿ ಹುಡಿ."

ನನಗೆ ಬಂದ ಸಿಟ್ಟನ್ನು ಯಾವ ಮಾಪಕದಲ್ಲೂ ಹೇಳಲಾರೆ. ಗಂಗೊಳ್ಳಿಯ ಪುಡಿ ಇವರಿಗೇನು ಗೊತ್ತು? ನನ್ನ ತವರಿನ ಪುಡಿಯಲ್ಲಿ ಒಳ್ಳೆಮೆಣಸು ಮುಂದೆ ನಿಲ್ಲಬೇಕು. ಸಾರು ಕುದಿಯುವಾಗಲೇ ಅದು ಮೂಗಿಗೆ ಸಿಗಬೇಕು, ನಾಲಿಗೆಗೆ ಆಮೇಲೆ. ಮದುವೆಯಾಗಿ ಬಂದಾಗಿನಿಂದ ಆ ಘಮವಿಲ್ಲದೆ ಉಂಡು ಏಳುತ್ತಿದ್ದವಳು ನಾನು. ಒಂದು ಕಾಳು ಹೆಚ್ಚು ಹಾಕಿದವಳಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಲೆಕ್ಕ ಹಾಕಿ ಮಾಡಿದವಳ ಮೇಲೆ ತವರಿನ ರುಚಿ ಕದ್ದು ತಂದ ಆರೋಪ! ಆ ದಿನ ನಾನು ಊಟ ಮಾಡಲಿಲ್ಲ.

ಸಂಜೆ ನಾದಿನಿಯ ಫೋನು ಬಂತು. "ಅತ್ತಿಗೆ, ಹುಡಿ ಲಾಯ್ಕ್ ಇತ್ತ್. ಮಕ್ಳ್ ಮಾತ್ರ ಉಂಡ್ ಮೇಲೆ ಬಾಯಿ ಬಿಟ್ಕಂಡ್ ಫ್ಯಾನಿನಡಿ ಮಲ್ಕಂಡೊ," ಎಂದಳು. ಯಡ್ತರೆಯ ಅಕ್ಕ ಎರಡು ದಿನ ಬಿಟ್ಟು ಡಬ್ಬಿಯನ್ನೇ ಬಸ್ಸಿನಲ್ಲಿ ವಾಪಸು ಕಳಿಸಿದರು. ಚಂದವಾಗಿ ಬಟ್ಟೆ ಕಟ್ಟಿ, ಮೇಲೆ ನನ್ನ ಹೆಸರು ಬರೆದು. ಹೊಸ ಸೊಸೆಯ ಮೊದಲ ಪುಡಿ ಹೋದ ಬಸ್ಸಿನಲ್ಲೇ ಹಿಂದಿರುಗಿದ್ದನ್ನು ನಾನು ಗಂಗೊಳ್ಳಿಯಲ್ಲಿ ಇವತ್ತಿನವರೆಗೂ ಹೇಳಿಲ್ಲ.

ಅತ್ತೆ ಬಿಜೂರಿನಿಂದ ಬಂದವರು ಕೈಕಾಲು ತೊಳೆದು ನೇರ ಅಡುಗೆಮನೆಗೆ ಬಂದರು. ಡಬ್ಬಿ ತೆರೆದು ಚಿಟಿಕೆ ಪುಡಿಯನ್ನು ನಾಲಿಗೆಗೆ ಇಟ್ಟುಕೊಂಡರು. ಬಯ್ಯುತ್ತಾರೆ ಎಂದು ಕಾದೆ. ಬಯ್ಯಲಿಲ್ಲ. ಡಬ್ಬಿಯ ಅಂಚು ಹಿಡಿದು ನಿಂತೇ ಇದ್ದರು, ಕಣ್ಣಲ್ಲಿ ನೀರು.

"ಇದ್ ನಮ್ಮ ಅತ್ತಿ ಕಾಲದ ಹುಡಿ," ಎಂದರು ಮೆಲ್ಲಗೆ. ಆಮೇಲೆ ಉಪ್ಪಿನಕಾಯಿ ಭರಣಿಯ ಕಡೆ ನೋಡಿ, "ಕಲ್ಲಲ್ ತೂಕ ಮಾಡ್ಲಿಲ್ಯಾ?" ಎಂದರು.

ಆ ನೋಟ ನನ್ನನ್ನು ಬಿಡಲಿಲ್ಲ. ಮರುದಿನ ಕಲ್ಲನ್ನು ಟಿಫಿನ್ ಚೀಲದಲ್ಲಿ ಹಾಕಿಕೊಂಡು ಶಾಲೆಗೆ ಹೋದೆ. ರಜೆಯಾದರೂ ದಾಖಲಾತಿಗೆಂದು ಶಾಲೆ ತೆರೆದಿತ್ತು. ಪ್ರಯೋಗಾಲಯದ ತಕ್ಕಡಿಯಲ್ಲಿ ಕಲ್ಲಿಟ್ಟದ್ದನ್ನು ಕಂಡ ವಿಜ್ಞಾನದ ಮೇಷ್ಟ್ರು ಏನು ಪ್ರಯೋಗ ಎಂದು ವಿಚಾರಿಸಿದರು. ಸಾಂದ್ರತೆ ಎಂದೆ. ಕಲ್ಲು ಮುನ್ನೂರ ಅರವತ್ತು ಗ್ರಾಮು ತೂಗಿತು. ಮೂರು ಸಲ ತೂಗಿದೆ, ಮೂರು ಸಲವೂ ಮುನ್ನೂರ ಅರವತ್ತು. ಒಂದು ರಾತ್ಲಿಗೆ ತೊಂಬತ್ತಮೂರು ಗ್ರಾಮಿಗಿಂತಲೂ ಹೆಚ್ಚಿನ ಕೊರತೆ. ಎಂದರೆ ನನ್ನ ಪುಡಿಗೆ ಒಂದು ಕಿಲೋ ನೂರಿಪ್ಪತ್ತಮೂರು ಗ್ರಾಮು ಮೆಣಸು ಹೆಚ್ಚುವರಿ ಬಿದ್ದಿತ್ತು. ಆದರೆ ರಾತ್ಲಿನ ಪ್ರಕಾರ ನಾನು ಸರಿ. ಸುಳ್ಳು ಹೇಳುತ್ತಿದ್ದದ್ದು ಕಲ್ಲು.

ಕಲ್ಲನ್ನು ಅತ್ತೆಯ ಮುಂದಿಟ್ಟು, "ಅತ್ತೆ, ಇದ್ ರಾತ್ಲಲ್ಲ," ಎಂದೆ. ಅವರು ತೆಂಗಿನಕಾಯಿ ತುರಿಯುತ್ತಿದ್ದರು. ಮಾವ ಅಂಗಡಿಗೆ ಹೋಗಿದ್ದಾರೋ ಎಂದು ಹೊರಗೊಮ್ಮೆ ಇಣುಕಿ ಬಂದು ಕೂತರು.

"ನಾ ಬಂದ್ ಹೊಸ್ತ್ರಲ್ ಈ ಮನಿ ಸಾರ್ ಬಾಯಿಗಿಡುಕೆ ಆತಿರ್ಲಿಲ್ಲೆ ಹೆಣೆ," ಎಂದರು. "ದಿನಾ ಉಂಬುಕೆ ಕೂತ್ರೆ ಕಣ್ಣಲ್ ನೀರ್. ಖಾರಕ್ಕೆ ಮರ್ಕುದೊ, ಅಬ್ಬಿ ನೆನ್ಪಾಯಿ ಮರ್ಕುದೊ ನಂಗೇ ಗೊತ್ತಾತಿರ್ಲಿಲ್ಲೆ."

"ಹೀಂಗೆ ಅಳುದ್ ಯಾರಿಗೂ ಹೇಳ್ಳಿಲ್ಯಾ?"

"ಯಾರಿಗ್ ಹೇಳುದ್? ಬಿಜೂರಿನವ್ರಿಗೆ ನಾಲ್ಗಿ ಇಲ್ಲೆ ಅಂತ ನೆಗಾಡ್ತಿದ್ರ್."

ಆಗ ದೇಶವೆಲ್ಲ ಸೇರು, ರಾತ್ಲು ಬಿಟ್ಟು ಕಿಲೋಗೆ ಬದಲಾಗುತ್ತಿದ್ದ ಕಾಲ. ಅಂಗಡಿಗೆ ಹೊಸ ತೂಕಗಳು ಬಂದವು, ಹಳೆಯ ಕಬ್ಬಿಣದ ತೂಕಗಳನ್ನು ಕೊಟ್ಟುಬಿಡಬೇಕಾಯಿತು. ಪುಡಿಗೆ ರಾತ್ಲಿನ ಲೆಕ್ಕ ತಪ್ಪಬಾರದೆಂದು ಅತ್ತೆಯ ಅತ್ತೆ, ಕಬ್ಬಿಣದ ರಾತ್ಲಿಗೆ ಸರಿತೂಗುವ ಒಂದು ಕಲ್ಲನ್ನು ಹುಡುಕಿಸಿ ಭರಣಿಯ ಮೇಲೆ ಇಡಿಸಿದರು. ಅದೇ ವರ್ಷ ಅತ್ತೆ ಬಾಣಂತನಕ್ಕೆ ಬಿಜೂರಿಗೆ ಹೋದರು. ಅವರ ಅಬ್ಬಿ, ಎಂದರೆ ಅಮ್ಮ, ಮೆಣಸು ತೂಗಲು ಇಟ್ಟುಕೊಂಡಿದ್ದದ್ದೂ ಒಂದು ಕಲ್ಲೇ. ಅಲ್ಲಿಯೂ ನಾಲ್ಕು ಕಲ್ಲಿಗೆ ಎರಡು ಸೇರು ಎಂಬುದೇ ಲೆಕ್ಕ, ಕಲ್ಲು ಮಾತ್ರ ಸಣ್ಣದು. ಮಗುವಿನ ಜೊತೆ ಗಂಡನ ಮನೆಗೆ ಮರಳಿ ಬರುವಾಗ ಅತ್ತೆ ಆ ಕಲ್ಲನ್ನು ಬೇಡಿ, ತೊಟ್ಟಿಲ ಬಟ್ಟೆಗಳ ನಡುವೆ ಸುತ್ತಿಕೊಂಡು ತಂದರು. ಬಂದ ವಾರದಲ್ಲೇ ಭರಣಿಯ ಮೇಲಿನ ಕಲ್ಲು ಮನೆಯ ಹಿಂದಿನ ತೋಡಿನ ನೀರಿಗೆ ಹೋಯಿತು. ಬಿಜೂರಿನ ಕಲ್ಲು ಅದರ ಜಾಗದಲ್ಲಿ ಕೂತಿತು.

"ಒಂದ್ ವರ್ಷ ಎಲ್ರೂ, ಈ ಸರ್ತಿ ಮೆಣ್ಸ್ ಖಾರ ಇಲ್ಲೆ ಅಂದ್ರ್. ಮರ್ ವರ್ಷ ಯಾರೂ ಎಂತ ಹೇಳ್ಳಿಲ್ಲೆ," ಎಂದು ಅತ್ತೆ ಮತ್ತೆ ಕಾಯಿ ತುರಿಯಲು ಶುರುಮಾಡಿದರು.

ಹೆಚ್ಚುಕಡಿಮೆ ನಲವತ್ತು ವರ್ಷ! ಮಾವ ನಲವತ್ತು ವರ್ಷ ಬಿಜೂರಿನ ಪುಡಿ ಉಂಡು ಬ್ರಹ್ಮಾವರದ ಮೀಸೆ ತಿರುವಿದ್ದರು. ನಾನು ಲೆಕ್ಕ ಹಾಕಿ ಅವರ ಸ್ವಂತ ಅಮ್ಮನ ರುಚಿಯನ್ನು, ಗ್ರಾಮು ತಪ್ಪದಂತೆ, ಎಲೆಯ ಮೇಲೆ ತಂದಿಟ್ಟರೆ ಅದಕ್ಕೆ ಗಂಗೊಳ್ಳಿ ಎಂದು ಹೆಸರಿಟ್ಟಿದ್ದರು. ನನಗೆ ನಗು ತಡೆಯಲಾಗಲಿಲ್ಲ. ನಗುತ್ತಾ ಅತ್ತೆಯ ಮುಖ ನೋಡಿದಾಗ ನಗು ನಿಂತಿತು. ಇಪ್ಪತ್ತರ ಹುಡುಗಿಯೊಬ್ಬಳು ತುತ್ತು ತುತ್ತಿಗೂ ಕಣ್ಣೀರು ಸುರಿಸುತ್ತಾ ಕೂತದ್ದು ಕಣ್ಣ ಮುಂದೆ ಬಂದು, ಅವರನ್ನು ಅಪ್ಪಿಕೊಳ್ಳಬೇಕೆನಿಸಿತು. ನಮ್ಮ ಮನೆಗಳಲ್ಲಿ ಸೊಸೆಯಂದಿರು ಅತ್ತೆಯರನ್ನು ಅಪ್ಪಿಕೊಳ್ಳುವ ಪದ್ಧತಿ ಇಲ್ಲ. ತುರಿಯುವ ಮಣೆ ಇಸಿದುಕೊಂಡು ಉಳಿದ ಕಾಯಿಯನ್ನು ನಾನೇ ತುರಿದೆ.

"ಮಾವಂಗೆ ಹೇಳುದಾ?" ಎಂದೆ.

"ಹೇಳಿರೆ ನಾಳಿಂದ ಅವ್ರಿಗೆ ಸಾರ್ ರುಚಿ ಆಪ್ಕಿತ್ತಾ?" ಎಂದರು ಅತ್ತೆ.

ಹೇಳದೇ ಇರುವುದಾದರೆ ಪುಡಿಯನ್ನು ಸರಿ ಮಾಡಲೇಬೇಕು. ಇದು ನನ್ನ ಕ್ಷೇತ್ರ. ಬಿದ್ದ ಮೆಣಸನ್ನು ತೆಗೆಯಲು ಬರುವುದಿಲ್ಲ, ಆದರೆ ಕೊತ್ತಂಬರಿಯನ್ನು ಅದರ ಎತ್ತರಕ್ಕೆ ಏರಿಸಲು ಬರುತ್ತದೆ. ನಾನೂರ ಐವತ್ತಮೂರು ಪಾಯಿಂಟ್ ಆರನ್ನು ಮುನ್ನೂರ ಅರವತ್ತರಿಂದ ಭಾಗಿಸಿದರೆ ಒಂದು ಪಾಯಿಂಟ್ ಎರಡಾರು. ಆರು ಸೇರು ಕೊತ್ತಂಬರಿ ಏಳು ಪಾಯಿಂಟ್ ಐದಾರು ಸೇರು ಆಗಬೇಕು. ಇನ್ನೂ ಒಂದೂವರೆ ಸೇರು, ಮೇಲೊಂದು ಸಣ್ಣ ಹಿಡಿ. ಉಳಿದ ಸಾಮಾನನ್ನೂ ಅದೇ ಲೆಕ್ಕದಲ್ಲಿ ಏರಿಸಿದೆ. ಅತ್ತೆ ಹುರಿದರು, ನಾನು ಮಿಲ್ಲಿಗೆ ಹೊತ್ತೆ. ನಾದಿನಿಯ ಡಬ್ಬಿಯನ್ನೂ ತರಿಸಿಕೊಂಡು, ಮೂರನ್ನೂ ದೊಡ್ಡ ಪರಾತದಲ್ಲಿ ಸುರುವಿ, ಕಲಸಿ, ಮತ್ತೆ ಜರಡಿ ಹಿಡಿದು ಹಂಚಿದೆವು. ಯಡ್ತರೆಗೆ ಹೋದ ಡಬ್ಬಿ ಈ ಸಲ ಹಿಂದಿರುಗಲಿಲ್ಲ.

ಮತ್ತೆ ಬಂಗುಡೆ ಸಾರು. ಮಾವ ಒಂದು ತುತ್ತು ಉಂಡರು, ಎರಡು ಉಂಡರು, ಎಲೆಯ ಮೇಲೆ ಬೆರಳಾಡಿಸಿದರು.

"ಹಾಂ, ಈಗ ಬಂತ್ ಕಾಣ್ ನಮ್ಮನಿ ರುಚಿ! ಬಿಜೂರಿನವ್ರಿಗೆ ಇದೆಲ್ಲ ಎಲ್ ಗೊತ್ತಾತ್ತ್?" ಎಂದರು.

ಅತ್ತೆ ನನ್ನ ಕಡೆ ನೋಡಲಿಲ್ಲ. ನಾನೂ ನೋಡಲಿಲ್ಲ. ನೋಡಿದ್ದರೆ ಇಬ್ಬರೂ ಕೆಡುತ್ತಿದ್ದೆವು.

ಇದರಿಂದ ನಾನು ಲೆಕ್ಕದ ಮೇಲಿನ ನಂಬಿಕೆ ಕಳೆದುಕೊಂಡೆ, ಕೈಯಳತೆಯೇ ದೊಡ್ಡದು ಎಂದು ಪಾಠ ಕಲಿತೆ ಎಂದು ನೀವು ಕಾಯುತ್ತಿದ್ದರೆ ಕ್ಷಮಿಸಿ. ನನಗೆ ಲೆಕ್ಕದ ಮೇಲೆ ಗೌರವ ಹೆಚ್ಚಾಯಿತು. ನಲವತ್ತು ವರ್ಷ ಯಾರ ನಾಲಿಗೆಗೂ ಸಿಗದ ಗುಟ್ಟು ಪ್ರಯೋಗಾಲಯದ ತಕ್ಕಡಿಗೆ ಸಿಕ್ಕಿತ್ತು. ಪೌಂಡನ್ನು ಗ್ರಾಮಿಗೆ ತಂದವಳು ನಾನೊಬ್ಬಳೇ ಅಲ್ಲ ಎಂಬುದೂ ಗೊತ್ತಾಯಿತು. ಒಂದು ಮನೆಯಿಂದ ಇನ್ನೊಂದು ಮನೆಗೆ ಬಂದ ಹೆಂಗಸರೆಲ್ಲ ಬಂದ ದಿನದಿಂದ ಪರಿವರ್ತನೆಯನ್ನೇ ಮಾಡುತ್ತಿರುತ್ತಾರೆ. ಗೋಡೆಗೆ ಹಾಳೆ ಅಂಟಿಸುವುದಿಲ್ಲ, ಅಷ್ಟೇ.

ವರ್ಷಗಳು ಹೋದವು. ಎರಡು ಸಾವಿರದ ಹನ್ನೊಂದರ ಹೊತ್ತಿಗೆ ಅತ್ತೆಗೆ ತಕ್ಕಡಿ ಎತ್ತಲು ಕೈ ಬರುತ್ತಿರಲಿಲ್ಲ. ನನ್ನ ಅಡುಗೆಮನೆಗೆ ಗುಂಡಿ ಒತ್ತುವ ಎಲೆಕ್ಟ್ರಾನಿಕ್ ತಕ್ಕಡಿ ಬಂದಿತ್ತು. ಪುಡಿಯ ಎಲ್ಲ ಅಳತೆಯನ್ನೂ ಗ್ರಾಮಿನಲ್ಲಿ ಬರೆದು ಮೂರು ಮನೆಗೂ ಕೊಡು ಎಂದು ಅತ್ತೆಯೇ ಹೇಳಿದರು. ಮೆಣಸಿಗೆ ಕಲ್ಲಿನ ಲೆಕ್ಕದಲ್ಲಿ ನಾಲ್ಕು ಸಾವಿರದ ಮುನ್ನೂರ ಇಪ್ಪತ್ತು ಗ್ರಾಮು. ಕೊತ್ತಂಬರಿ, ಜೀರಿಗೆ, ಮೆಂತೆ ಒಂದೊಂದನ್ನೂ ಹಿತ್ತಾಳೆ ಸೇರಿನಲ್ಲಿ ಅಳೆದು, ತೂಗಿ, ಕಂಪ್ಯೂಟರಿನಲ್ಲಿ ಟೈಪು ಮಾಡಿಸಿ ಜೆರಾಕ್ಸ್ ತೆಗೆಸಿದೆ. ಯಡ್ತರೆಯ ಅಕ್ಕ ಅದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ. ಕಲ್ಲು ಭರಣಿಯ ಮೇಲೆ ವಿಶ್ರಾಂತಿಗೆ ಹೋಯಿತು.

ಈಗ ತಪ್ಪೊಪ್ಪಿಗೆ. ಆ ಹಾಳೆಯಲ್ಲಿ ಒಳ್ಳೆಮೆಣಸಿನ ಎದುರಿಗೆ ಇರುವ ಅಂಕಿ, ತೂಗಿದಾಗ ಬಂದ ಅಂಕಿಯಲ್ಲ. ಟೈಪು ಮಾಡಿದ ಹುಡುಗಿಯ ತಪ್ಪೂ ಅಲ್ಲ. ಜೆರಾಕ್ಸ್ ಅಂಗಡಿಯ ಬೆಂಚಿನ ಮೇಲೆ ಕೂತು, ಯೋಚಿಸಿ, ಕೂಡಿಸಿ ನಾನೇ ಬರೆಸಿದ್ದು. ಅಂದು ಮಾಡದ ಅಪರಾಧಕ್ಕೆ ಬೈಸಿಕೊಂಡಿದ್ದೆನಲ್ಲ, ಅದನ್ನು ಹದಿಮೂರು ವರ್ಷದ ನಂತರ ನಿಧಾನವಾಗಿ ಮಾಡಿ ಮುಗಿಸಿದೆ. ಮಾವ ಪೇಪರಿನಲ್ಲಿ ಹವಾಮಾನ ಬಿಟ್ಟು ಬೇರೇನೂ ಓದುವುದಿಲ್ಲವಾದ್ದರಿಂದ ಇದನ್ನು ನಿಮಗೆ ಧೈರ್ಯವಾಗಿ ಹೇಳುತ್ತಿದ್ದೇನೆ.

ಆ ವರ್ಷದ ಹೊಸ ಪುಡಿಯ ಮೊದಲ ಸಾರಿನ ದಿನ, ಕುದಿ ಬರುವಾಗಲೇ ಗಂಗೊಳ್ಳಿಯ ನಮ್ಮ ಅಡುಗೆಮನೆ ಮೂಗಿಗೆ ಬಂತು. ಮಾವ ಉಂಡರು. ಎಂದಿನಂತೆ ಎಲೆಯ ಮೇಲೆ ಬೆರಳಾಡಿಸಿ, "ನಮ್ಮನಿ ಹುಡಿ ಅಂದ್ರೆ ಇದೇ ಕಾಣ್," ಎಂದು ಎದ್ದು ಕೈತೊಳೆಯಲು ಹೋದರು.

ಅತ್ತೆ ಮಾತ್ರ ತುತ್ತನ್ನು ಬಾಯಲ್ಲೇ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತರು. ಬಚ್ಚಲಲ್ಲಿ ನೀರಿನ ಸದ್ದು ಕೇಳಿದ ಮೇಲೆ ನನ್ನ ಕಡೆ ಬಾಗಿದರು.

"ಹೆಣೆ, ನಿನ್ ಕಲ್ಲ್ ಎಷ್ಟ್ ತೂಕ?"

"ನಲ್ವತ್ ಗ್ರಾಂ, ಅತ್ತೆ."

ಅವರು ಸೌಟು ತೆಗೆದುಕೊಂಡು ಅನ್ನದ ಮೇಲೆ ಇನ್ನಷ್ಟು ಸಾರು ಹಾಕಿಕೊಂಡರು.

"ಇನ್ನೊಂದ್ ಹತ್ತ್ ಹಾಕ್ಲಕ್ಕಿತ್ತ್," ಎಂದರು.